ಸೀಟಿನ ಎತ್ತರ

ನಮ್ಮ ವಾಡಿಯಲ್ಲಿ ಸೈಕಲ್ ಸೀಟನ್ನು ಎತ್ತರಕ್ಕೆ ಇಟ್ಟುಕೊಂಡವರನ್ನು ಕಂಡರೆ ಹೊಸಬರೆಂದು ತಿಳಿಯುತ್ತೇವೆ. ಊರಿನವರೆಲ್ಲ ತಗ್ಗಿಸಿಯೇ ಇಡುವುದು. ಕಾರಣ ರೈಲ್ವೆ ಗೇಟು. ಜಂಕ್ಷನ್ ಊರು, ಒಂದು ಗಾಡಿ ಹೋಯಿತು ಎನ್ನುವಷ್ಟರಲ್ಲಿ ಇನ್ನೊಂದು ಬಂದು ನಿಂತಿರುತ್ತದೆ. ಹಿಂದೆ ಸಿಮೆಂಟ್ ಲಾರಿ, ಪಕ್ಕದಲ್ಲಿ ಆಟೋ, ನಡುವೆ ನಾವು. ಇಳಿದು ನಿಲ್ಲಲು ಜಾಗವಿರುವುದಿಲ್ಲ, ಸೀಟಿನ ಮೇಲೆ ಕುಳಿತೇ ಎರಡೂ ಕಾಲು ನೆಲಕ್ಕೂರಬೇಕು. ಊರಲಾಗದಿದ್ದರೆ ಸೀಟು ಎತ್ತರವಾಯಿತು ಎಂದೇ ಲೆಕ್ಕ.

ನನ್ನ ಗಂಡನ ಹೆಸರು ದೇವಾನಂದ. ಹೆಸರು ಹಿಡಿದು ಕರೆದು ರೂಢಿಯಿಲ್ಲ, ಇವರು ಎನ್ನುತ್ತೇನೆ. ನನಗೆಂದು ಸೈಕಲ್ ತಂದ ದಿನವೇ ಇವರು ನಟ್ಟು ತಿರುಗಿಸುವ ಪಾನಾ ಹಿಡಿದು ಸೀಟನ್ನು ಪೂರ್ತಿ ಕೆಳಗಿಳಿಸಿದರು. ಸೀರೆ ಉಟ್ಟು ಹೋಗುವವಳು, ಗೇಟಿನಲ್ಲಿ ಲಾರಿ ಕೆಳಗೆ ಬಿದ್ದಾಳು ಎಂಬ ಭಯ. ಮುಂದಕ್ಕೆ ಜಾರಬಾರದೆಂದು ಸೀಟಿನ ಮೂತಿಯನ್ನೂ ತುಸು ಮೇಲಕ್ಕೆತ್ತಿದರು. ಪ್ರೀತಿಯಿಂದಲೇ ಮಾಡಿದರು. ಇದನ್ನು ಈಗಲೇ ಹೇಳಿಬಿಡುತ್ತೇನೆ, ಮುಂದೆ ಸಿಟ್ಟಿನಲ್ಲಿ ಮರೆತರೂ ಮರೆತೇನು.

ಚಿತ್ತಾಪುರ ರಸ್ತೆಯಿಂದ ಒಳಗೆ ಒಂದು ಲಂಬಾಣಿ ತಾಂಡಾ ಇದೆ. ಅಲ್ಲಿಯ ಶಾಲೆಗೆ ನಾನು ಅತಿಥಿ ಶಿಕ್ಷಕಿ. ಅತಿಥಿ ಎಂದರೆ ಊಟ ಹಾಕಿ ಕಳಿಸುವ ಅತಿಥಿಯಲ್ಲ. ಕೆಲಸ ಎಲ್ಲರಷ್ಟೇ, ನೌಕರಿ ಮಾತ್ರ ವರ್ಷದ ಮಟ್ಟಿಗೆ. ಕಾಳಗಿಯ ಬಸ್ಸು ಬರುವ ಹೊತ್ತಿಗೂ ಶಾಲೆಯ ಹೊತ್ತಿಗೂ ತಾಳೆಯಿಲ್ಲ, ಮನೆಯ ಮೋಟಾರ್ ಸೈಕಲ್ ಇವರ ಶಿಫ್ಟಿಗೆ ಬೇಕು. ಹಾಗಾಗಿ ಸೈಕಲ್. ತಾಂಡಾದ ಮಕ್ಕಳಿಗೆ ಮನೆಯಲ್ಲಿ ಕನ್ನಡವಿಲ್ಲ. ಅವರ ಮಾತನ್ನು ಮೊದಲು ನಾನು ಕಲಿತೆ, ಆಮೇಲೆ ನನ್ನದನ್ನು ಅವರಿಗೆ ಕಲಿಸಿದೆ. ಒಂದನೇ ಕ್ಲಾಸಿನ ಮಗು ಮೊದಲ ಸಲ ತನ್ನ ಹೆಸರನ್ನು ತಾನೇ ಓದಿಕೊಂಡು ತಲೆ ಎತ್ತಿ ನೋಡುತ್ತದಲ್ಲ, ಆ ನೋಟಕ್ಕಾಗಿ ನಾನು ಚಿಂಚೋಳಿವರೆಗೂ ಸೈಕಲ್ ತುಳಿಯುತ್ತಿದ್ದೆ.

ನಡ ನೋಯತೊಡಗಿತು. ಮೊದಮೊದಲು ಮನೆಗೆ ಬಂದ ಮೇಲೆ, ಬರಬರುತ್ತ ಬೋರ್ಡಿನ ಮುಂದೆ ನಿಂತಾಗಲೂ. ಕೊನೆಗೆ ರೊಟ್ಟಿ ಬಡಿಯಲು ಕುಳಿತರೆ ಏಳಲು ಗೋಡೆ ಹಿಡಿಯಬೇಕಾಯಿತು. ಪಕ್ಕದ ಕ್ವಾರ್ಟರ್ಸಿನ ಖುರ್ಷಿದಬೇಗಂ ಅಜಿವಾನ, ಅದೇ ಓಮಿನ ಕಾಳು, ಹಾಕಿ ಕಾಯಿಸಿದ ಎಣ್ಣೆ ತಂದು ತಿಕ್ಕಿದರು. ಶಹಾಬಾದಿನ ಡಾಕ್ಟರು ಫೋಟೋ ತೆಗೆಸಿ, ಎಲುಬು ಚೆನ್ನಾಗಿದೆ ಎಂದು ಹೇಳಿ, ನಡಕ್ಕೆ ಪಟ್ಟಾ ಕಟ್ಟಿಸಿದರು. ಊರ ಹೆಂಗಸರಂತೂ ಹೆಣ್ಣಿನ ನಡಕ್ಕೆ ಸೈಕಲ್ ಆಗಿಬರುವುದಿಲ್ಲ ಎಂದು ತೀರ್ಪು ಕೊಟ್ಟುಬಿಟ್ಟರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಎಲ್ಲರೂ ನನ್ನ ನಡ ನೋಡಿದರು, ಸೈಕಲ್ಲನ್ನು ಯಾರೂ ನೋಡಲಿಲ್ಲ. ನಾನೂ ನೋಡಲಿಲ್ಲ.

ಕಳೆದ ಬೇಸಿಗೆ ರಜೆಯಲ್ಲಿ ಇವರು ಒಂದು ದಿನ ನನ್ನ ಪಕ್ಕ ಬಂದು ಕುಳಿತರು.

“ಯಶೋಧರಾ, ಬಿಟ್ಟುಬಿಡು. ನೀ ಕುಂತಲ್ಲಿಂದ ಏಳೋದು ನೋಡಿದ್ರ ನನಗ ಊಟ ಸೇರವಲ್ದು.”

“ಒಂದು ವರ್ಷ ನೋಡೋಣ್ರಿ.”

“ಏನು ನೋಡತಿ? ಮುಂದ ಪೂರಾ ಬಿದ್ದಿ ಅಂದ್ರ?”

ನಾನು ಅತ್ತೆ, ಆಮೇಲೆ ಒಪ್ಪಿದೆ. ಇವರೇ ಹೋಗಿ ಹೆಡ್‌ಮಾಸ್ತರಿಗೆ ಹೇಳಿ ಬಂದರು. ಶಾಲೆ ಶುರುವಾಗುವ ಹೊತ್ತಿಗೆ ನನ್ನ ಜಾಗಕ್ಕೆ ಬೇರೆಯವಳು ಬಂದಳು.

ಈಗ ಕೇಳಿ. ಇವರು ಸಿಮೆಂಟ್ ಕಾರ್ಖಾನೆಯಲ್ಲಿ ಫಿಟ್ಟರು. ಮೋಟಾರು, ಅದರ ಮುಂದಿನ ಯಂತ್ರ, ಎರಡನ್ನೂ ಕೂದಲೆಳೆಯಷ್ಟು ವ್ಯತ್ಯಾಸವಿಲ್ಲದೆ ಒಂದೇ ಗೆರೆಗೆ ತರುವುದು ಇವರ ಕೆಲಸ. ಎಲ್ಲಿ ಅದುರಿದರೂ ಇವರನ್ನೇ ಕರೆಯುತ್ತಾರೆ. ದೀಪದ ಬುಡದಲ್ಲಿ ಕತ್ತಲೆ ಎನ್ನುತ್ತಾರಲ್ಲ, ನಮ್ಮ ಮನೆಯ ದೀಪವೂ ಹಾಗೆಯೇ ಉರಿಯುತ್ತಿತ್ತು. ನಾನು ಶಾಲೆಗೆ ಹೊರಡುವ ಮೊದಲೇ ಇವರು ಶಿಫ್ಟಿಗೆ ಹೋಗಿರುತ್ತಿದ್ದರು. ನಾನು ಸೈಕಲ್ ತುಳಿಯುವುದನ್ನು ಹಿಂದಿನಿಂದ ಇವರು ಒಮ್ಮೆಯೂ ನೋಡಿರಲಿಲ್ಲ.

ದೀಪಾವಳಿ ಕಳೆಯುವ ಹೊತ್ತಿಗೆ ನಡ ತುಸು ಹಗುರಾಗಿತ್ತು, ಇವರಿಗೆ ರಜೆಯಿದ್ದ ಒಂದು ದಿನ ನಾನು ಸಂತೆಗೆ ಸೈಕಲ್ ಮೇಲೆ ಹೊರಟೆ. ಸಂತೆಯ ಚೀಲ ಹೇರಿಕೊಂಡು ಬರಲೆಂದು ಇವರು ಮೋಟಾರ್ ಸೈಕಲ್ ಮೇಲೆ ಹಿಂದೆ ಬಂದರು. ಸಂತೆ ಇನ್ನೂ ದೂರವಿರುವಾಗಲೇ ನನ್ನನ್ನು ನಿಲ್ಲಿಸಿದರು. ಮುಖ ಬಿಳುಪೇರಿತ್ತು.

“ತುಳಿಯೋವಾಗ ನಿನ್ನ ನಡ ಆ ಕಡೆ ಈ ಕಡೆ ಹೊಳ್ಳಾಕತ್ತದ. ಮಣಕಾಲು ಹೊಟ್ಟಿತನಕ ಬರ್ತಾವ. ಬೆನ್ನು ಪೂರಾ ಬಾಗೇದ. ದಿನಾ ಹಿಂಗೇ ಹೋಗ್ತಿದ್ದೇನು?”

“ಮತ್ತ ಹ್ಯಾಂಗ ಹೋಗ್ಬೇಕಿತ್ರಿ?”

ಸಂತೆ ಬಿಟ್ಟು ಮನೆಗೆ ಬಂದೆವು. ನನ್ನನ್ನು ಗೋಡೆಯ ಆಸರೆಯಲ್ಲಿ ಸೈಕಲ್ ಮೇಲೆ ಕೂರಿಸಿ, ಹಿಮ್ಮಡಿಯನ್ನು ಪೆಡಲಿನ ಮೇಲಿಟ್ಟು ಕೆಳಗೆ ಒತ್ತಲು ಹೇಳಿದರು. ಕಾಲು ನೇರವಾಗುವ ತನಕ ಸೀಟನ್ನು ಏರಿಸಿದರು. ಮೂತಿಯನ್ನು ಇಳಿಸಿ ಸೀಟನ್ನು ಸಮ ಮಾಡಿದರು. ಹ್ಯಾಂಡಲನ್ನೂ ಮೇಲಕ್ಕೆಳೆದರು. ಒಂದು ಪಾನಾ ಸಾಕಾಯಿತು, ಒಂದು ಚಹಾ ಕುದಿಯುವಷ್ಟು ಹೊತ್ತು ಸಾಕಾಯಿತು.

“ನಾ ಒಮ್ಮೆರ ಹಿಂದ ಬಂದಿದ್ರ...” ಎಂದರು. ಆ ಇಡೀ ದಿನ ಮನೆಯಲ್ಲಿ ಯಾರೋ ತೀರಿಕೊಂಡಂತೆ ಓಡಾಡಿದರು. ನನಗೆ ಸಿಟ್ಟು ಬಂದಿತ್ತು, ಸುಳ್ಳು ಹೇಳುವುದಿಲ್ಲ. ಆದರೆ ತಪ್ಪು ಮಾಡಿದವರೇ ಅಷ್ಟು ಕುಗ್ಗಿದ್ದರೆ ಸಿಟ್ಟನ್ನು ಯಾರ ಮೇಲೆ ಹಾಕುವುದು?

ಮರುದಿನ ನಾನು ತಾಂಡಾದ ಹಾದಿ ಹಿಡಿದೆ. ಗೇಟಿನಲ್ಲಿ ಇಳಿದು, ಒಂದು ಬದಿಗೆ ಸರಿದು ನಿಂತೆ; ಲಾರಿಯವನು ಹಾರ್ನ್ ಹೊಡೆದ, ಹೊಡೆದುಕೊಳ್ಳಲಿ ಎಂದುಕೊಂಡೆ. ಆಮೇಲೆ ತೊಗರಿ ಹೊಲಗಳ ನಡುವಿನ ರಸ್ತೆ. ಏರಿನಲ್ಲಿ ನೋವಿಗಾಗಿ ಕಾದೆ. ಬರಲಿಲ್ಲ. ಬರಲಿ ಎಂದು ಬಯಸುತ್ತಿದ್ದೇನೆಂದು ಆಗ ತಿಳಿಯಿತು. ಒಂದಿಷ್ಟಾದರೂ ನೋಯಬೇಕಿತ್ತು. ನೋಯದಿದ್ದರೆ ನಾನು ಬಿಟ್ಟದ್ದು ಯಾತಕ್ಕೆ?

ತಾಂಡಾದ ಬೋರಿನ ಹತ್ತಿರ ಬಟ್ಟೆ ಒಗೆಯುತ್ತಿದ್ದ ಹೆಂಗಸು ಗುರುತು ಹಿಡಿದಳು.

“ಟೀಚರ್, ನಡ ಆರಾಮಾತೇನ್ರಿ?”

“ಆರಾಮ ಆತು.”

“ಹಂಗಾರ ಸೋಮವಾರದಿಂದ ಬರ್ತೀರಿ?”

ಶಾಲೆಯಿಂದ ಮಕ್ಕಳ ಮಗ್ಗಿಯ ದನಿ ಕೇಳುತ್ತಿತ್ತು. ಹೊಸ ಟೀಚರ್ ದನಿಯೂ ಕೇಳುತ್ತಿತ್ತು, ಒಳ್ಳೆಯ ಗಟ್ಟಿ ದನಿ. ಆ ಹುಡುಗಿಗೂ ಮನೆಯಿದೆ, ಅವಳಿಗೂ ಈ ನೌಕರಿ ಬೇಕು. ನಾನು ಸೈಕಲ್ ತಿರುಗಿಸಿದೆ. ದಾರಿಯುದ್ದಕ್ಕೂ ಅತ್ತೆ.

ಮನೆಗೆ ಬಂದಾಗ ಇವರು ಶಿಫ್ಟು ಮುಗಿಸಿ ಬಂದು ಬಾಗಿಲಲ್ಲೇ ನಿಂತಿದ್ದರು.

“ಎಲ್ಲಿಗಿ ಹೋಗಿದ್ದಿ?”

“ತಾಂಡಾದ ತನಕ.”

“ನಡ ನೋಯ್ತೇನು?”

ಆ ಮುಖ ನೋಡಿದೆ. ಇಲ್ಲ ಎಂದರೆ ಈ ಮನುಷ್ಯ ಸಾಯುವ ತನಕ ಇದನ್ನು ಹೊತ್ತು ತಿರುಗುತ್ತಾರೆ ಎನಿಸಿತು.

“ನೋಯ್ತು,” ಎಂದೆ. “ಮೊದಲಿನಷ್ಟೇ.”

ಇವರ ಭುಜಗಳು ಸಡಿಲಾದವು. “ನೋಡು ಮತ್ತ. ಸೀಟಿಂದ ಅಲ್ಲ ಅದು. ಬಿಟ್ಟಿದ್ದ ಚಲೋ ಆತು.”

“ಹೌದ್ರಿ.”

“ಹಂಗಾದ್ರ ಈ ಸೈಕಲ್ ಇಲ್ಲಿ ಜಂಗ ಹಿಡಿಯೋದು ಬ್ಯಾಡ. ಖುರ್ಷಿದಬೇಗಂ ಅವರ ಸೊಸಿ ಫರಹತಗ ದಿನಾ ಸ್ಟೇಷನ್ನಿಗಿ ಹೋಗಾಕ ಬೇಕಾಗೇದಂತ. ಕೊಟ್ಟುಬಿಡಲೇನು?”

ಕೊಡಬೇಡಿ ಎನ್ನಲು ನನಗೆ ಬಾಯಿಲ್ಲ. ನೋಯುವ ಸೈಕಲ್ಲನ್ನು ಯಾಕೆ ಇಟ್ಟುಕೊಳ್ಳುತ್ತೀಯೆಂದು ಕೇಳಿದರೆ ಏನು ಹೇಳಲಿ? ಫರಹತ ಹತ್ತೊಂಬತ್ತರ ಹುಡುಗಿ, ಹೆಚ್ಚೂಕಡಿಮೆ ನನ್ನಷ್ಟೇ ಎತ್ತರ.

“ಕೊಡ್ರಿ,” ಎಂದೆ.

ಇವರು ಆಗಲೇ ಸೈಕಲ್ ಹಿಡಿದು ಹೊರಟಿದ್ದರು. ಜೇಬಿನಿಂದ ಪಾನಾ ತೆಗೆದದ್ದು ಕಂಡಿತು.

“ಏನ್ರೀ, ಸೀಟು ಇಳಿಸಬ್ಯಾಡ್ರಿ. ಆ ಹುಡುಗಿ ನಡ ಹಾಳಾಗ್ತದ.”

ಹೇಳಿದ ಮೇಲೆ ಏನು ಹೇಳಿದೆನೆಂದು ತಿಳಿಯಿತು. ಇವರು ನಿಂತರು. ನನ್ನ ಕಡೆ ತಿರುಗಲಿಲ್ಲ. ಸೈಕಲ್ಲನ್ನು ಗೋಡೆಗೆ ಆನಿಸಿ, ಅದರ ಪಕ್ಕದಲ್ಲೇ ನೆಲದ ಮೇಲೆ ಕುಳಿತುಬಿಟ್ಟರು.