ಅಕ್ಕುವಿನ ಮೂಗು

ಮೆಲ್ಬೋರ್ನಿನ ಆ ಇಂಗ್ಲಿಷ್ ಪಬ್ಬಿನಲ್ಲಿ ಪೀಪಾಯಿಗಳ ಉಸ್ತುವಾರಿ ಮೋಹನದಾಸನದು. ಹನ್ನೊಂದು ವರ್ಷದಿಂದ ಅವನು ರುಚಿ ನೋಡಿ ಹೂಂ ಅನ್ನದೆ ಒಂದು ಗ್ಲಾಸೂ ಗಿರಾಕಿಯ ಕೈಗೆ ಹೋದದ್ದಿಲ್ಲ. ಪೀಪಾಯಿಯ ಏಲ್ ಜೀವ ಇರುವ ಬಿಯರು. ತೆರೆದ ಮೇಲೆ ಮೂರೇ ದಿನ. ಮೂಲ್ಕಿಯಲ್ಲಿ ಕಳ್ಳು ಇಳಿಸುತ್ತಿದ್ದವನ ಮಗನಿಗೆ ಇದನ್ನು ಯಾರೂ ಕಲಿಸಬೇಕಾಗಿರಲಿಲ್ಲ. ಅದರಲ್ಲೂ ಹಾಪ್ಸ್ ಹೂವಿನ ಘಮ ತುಂಬಿದ ಹೊಂಬಣ್ಣದ ಏಲ್ ಅಂದರೆ ಅವನಿಗೆ ಎಲ್ಲಿಲ್ಲದ ಹೆಮ್ಮೆ.

೨೦೦೬ರ ಚಳಿಗಾಲದಲ್ಲಿ, ಪೀಪಾಯಿಗಳನ್ನಿಡುವ ನೆಲಮಾಳಿಗೆಯ ಮೆಟ್ಟಿಲಲ್ಲಿ ಜಾರಿ ತಲೆಯ ಹಿಂಭಾಗ ಬಡಿದುಕೊಂಡ. ಗಾಯ ಮಾಯಿತು, ವಾಸನೆ ಮಾತ್ರ ಹೋದದ್ದು ಹೋಯಿತು. ನಾಲಗೆಗೆ ಕಹಿ ಗೊತ್ತು, ಹುಳಿ ಗೊತ್ತು, ಅಷ್ಟೆ. ಇನ್ನು ಮರಳಲಿಕ್ಕಿಲ್ಲ ಅಂದರು ಡಾಕ್ಟರು. ಅವನು ಹೇಳಿಕೊಂಡದ್ದು ಹೆಂಡತಿ ಅಕ್ಕು ಒಬ್ಬಳಲ್ಲಿ.

ಮಾರನೆಯ ವಾರದಿಂದ ಪಬ್ ತೆರೆಯುವ ಮೊದಲೇ, ಊಟದ ಡಬ್ಬಿ ಕೊಡುವ ನೆಪದಲ್ಲಿ ಅಕ್ಕು ಬರತೊಡಗಿದಳು. ಜನ್ಮದಲ್ಲಿ ಒಂದು ತೊಟ್ಟು ಕುಡಿಯದವಳು ಗ್ಲಾಸಿಗೆ ಮೂಗಿಟ್ಟು ತೀರ್ಪು ಕೊಡುವಳು.

“ಚಕ್ಕೋತ ಸುಲಿದ ಹಾಗೆ ಉಂಟು. ಮತ್ತೆ ಎಂತದೋ ಹಸಿ ಹುಲ್ಲು.”

“ಹಾಗಾದ್ರೆ ಒಳ್ಳೇದುಂಟು.”

“ಇದನ್ನು ದುಡ್ಡು ಕೊಟ್ಟು ಕುಡೀತಾರಲ್ಲ ಮಾರಾಯ್ರೆ!”

ಎಂಟು ತಿಂಗಳು ಹೀಗೇ ನಡೆಯಿತು. ಆಮೇಲೆ ಮಗಳು ಅಶ್ವಿತಾಳ ಹೆರಿಗೆಗೆಂದು ಅಕ್ಕು ಸಿಡ್ನಿಯ ಕೆಲ್ಲಿವಿಲ್‌ಗೆ ಹೋಗಬೇಕಾಯಿತು. ದಿನಾ ಬೆಳಿಗ್ಗೆ ಫೋನಿನಲ್ಲಿ ಅವಳದು ಒಂದೇ ರಾಗ.

“ಓನರ್ ಮೇಡಂಗೆ ಹೇಳಿಬಿಡಿ. ಅವರೇನು ನಿಮ್ಮನ್ನು ತಿಂತಾರಾ?”

“ಹೇಳಿದ್ರೆ ಮತ್ತೆ ನಾನು ಅಲ್ಲಿ ಎಂತಕ್ಕೆ? ಗ್ಲಾಸ್ ತೊಳೀಲಿಕ್ಕಾ? ಬಣ್ಣ ತಿಳಿಯಾಗಿ ಉಂಟು. ಸಾಕು.”

ಬಣ್ಣ ನೋಡಿದ. ಜೊತೆಗೆ ನಾರ್ಮನ್‌ನ ಮುಖ ನೋಡಿದ. ನಾರ್ಮನ್ ಯಾರ್ಕ್‌ಷೈರಿನಿಂದ ಬಂದು ನೆಲೆಸಿದ ಮುದುಕ. ಮಧ್ಯಾಹ್ನ ಹನ್ನೆರಡಕ್ಕೆ ಮೊದಲ ಗ್ಲಾಸು ಅವನದೇ. ಹೇಗಿದೆ ಎಂದರೆ “ಚೆನ್ನಾಗಿದೆ ಮೋಹನ್” ಅನ್ನುತ್ತ ತಳದವರೆಗೂ ಕುಡಿಯುತ್ತಿದ್ದ. ಆ ಖಾಲಿ ಗ್ಲಾಸನ್ನೇ ಮೋಹನದಾಸ ನಂಬಿಕೊಂಡ.

ಅಕ್ಕು ಹೋದ ಎರಡನೆಯ ವಾರದ ಗುರುವಾರ, ಹೊಸ ಗಿರಾಕಿಯೊಬ್ಬಳು ಒಂದು ಗುಟುಕು ಕುಡಿದು ಗ್ಲಾಸನ್ನು ಅವನತ್ತ ತಳ್ಳಿದಳು.

“ಬೇಜಾರಾಗಬೇಡಿ. ಇದು ನೆನೆದ ರಟ್ಟಿನ ಥರ ನಾರ್ತಿದೆ.”

ಮೋಹನದಾಸ ಮೂಗಿಗೆ ಹಿಡಿದ. ಏನೂ ಇಲ್ಲ. ನಾರ್ಮನ್‌ನತ್ತ ತಿರುಗಿದ.

“ನಿಜಾನಾ?”

ಮುದುಕ ಟೋಪಿ ಸರಿಮಾಡಿಕೊಂಡ, ಗಂಟಲು ಸರಿಮಾಡಿಕೊಂಡ. “ಮಂಗಳವಾರದಿಂದ,” ಅಂದ.

“ಮತ್ತೆ ಯಾಕೆ ಕುಡಿದ್ರಿ?”

“ನೀನು ನನ್ನ ಬಾಯನ್ನೇ ನೋಡ್ತಾ ನಿಂತಿರ್ತೀಯಲ್ಲಪ್ಪ, ಪರೀಕ್ಷೆ ಬರೆದವರ ಹಾಗೆ. ಹೇಗೆ ಹೇಳಲಿ?”

ಬೈದಿದ್ದರೆ ತಡೆದುಕೊಳ್ಳುತ್ತಿದ್ದ. ಪೀಪಾಯಿಯಿಂದ ಬಿಯರು ಎಳೆಯುವ ಕೈಪಂಪಿನ ಮೇಲಿದ್ದ ಏಲ್‌ನ ಹೆಸರುಪಟ್ಟಿಯನ್ನು ಹಿಂದುಮುಂದಾಗಿ ತಿರುಗಿಸಿದ; ಇವತ್ತು ಇದು ಸಿಗುವುದಿಲ್ಲ ಎನ್ನುವುದಕ್ಕೆ ಅದು ಗುರುತು. ಕೈ ಒರೆಸಿಕೊಂಡು ಒಡತಿಯ ಕೋಣೆಗೆ ಹೋಗಿ, ಬಾಗಿಲಲ್ಲೇ ನಿಂತು ಎಲ್ಲವನ್ನೂ ಹೇಳಿದ.

“ಎಂಟು ತಿಂಗಳಾ? ಇಷ್ಟು ದಿನ ಟೇಸ್ಟ್ ನೋಡ್ತಿದ್ದೋರು ಯಾರು?”

“ನನ್ನ ಹೆಂಡತಿ.”

ಒಡತಿ ಪೆನ್ನು ಕೆಳಗಿಟ್ಟಳು. “ಕೆಲಸಕ್ಕೇನೂ ತೊಂದರೆಯಿಲ್ಲ ಮೋಹನ್. ಮೇಲೆ ಕೌಂಟರಲ್ಲಿ ಇರು. ಕೆಳಗಿನದನ್ನ ನಾಳೆಯಿಂದ ನಾನು ನೋಡ್ಕೊಳ್ತೀನಿ.”

ಅವನು ತಲೆಯಾಡಿಸಿ, ಸೊಂಟದ ಗೊಂಚಲಿನಿಂದ ನೆಲಮಾಳಿಗೆಯ ಬೀಗದ ಕೈಯನ್ನು ಬಿಡಿಸತೊಡಗಿದ. ಕೀಗಳ ಬಳೆ ಬಿಗಿಯಾಗಿತ್ತು, ಉಗುರು ಜಾರುತ್ತಿತ್ತು. ತುಂಬ ಹೊತ್ತು ಹಿಡಿಯಿತು. ಅವಳೂ ಅವಸರ ಮಾಡಲಿಲ್ಲ.