ಕರೇಕಟ್ಟೆ ಹಾಲ್ಟ್ ಮುಚ್ಚಿದ್ದು ಹೀಗೆ

ಕರೇಕಟ್ಟೆ ಹಾಲ್ಟ್ ನಷ್ಟದಿಂದ ಮುಚ್ಚಿತು ಎಂದು ರೈಲ್ವೆಯವರು ಬರೆದುಕೊಂಡಿದ್ದಾರೆ. ಅದನ್ನು ಮುಚ್ಚಿಸಿದ್ದು ಜಾತಿ. ಹೇಳುತ್ತಿರುವವಳು ನಾಗಮಣಿ, ಹಂಗಳದ ಮಗಳು, ಅಲ್ಲಿ ಟಿಕೆಟ್ ಮಾರುತ್ತಿದ್ದ ಶಾಂತರಾಜುವಿನ ಹೆಂಡತಿ. ನನ್ನ ಬಾಯಿ ಜೋರು ಎಂದು ಕೇರಿಯಲ್ಲೆಲ್ಲ ಹೆಸರಿದೆ, ಇರಲಿ.

ಚಾಮರಾಜನಗರದ ಹೊರಗೆ, ಕರಿಕಲ್ಲು ಪಾಲಿಶ್ ಮಾಡುವ ಫ್ಯಾಕ್ಟರಿಗಳ ನಡುವೆ ಇದ್ದ ಸಣ್ಣ ನಿಲ್ದಾಣ ಅದು. ಸ್ಟೇಷನ್ ಮಾಸ್ತರರಿಲ್ಲ, ಕಮಿಷನ್ನಿಗೆ ಟಿಕೆಟ್ ಮಾರುವ ಏಜೆಂಟನೇ ಎಲ್ಲ. ಮೊದಲು ಆ ಕೆಲಸ ಫ್ಯಾಕ್ಟರಿ ಮೇಸ್ತ್ರಿ ನೀಲಕಂಠಸ್ವಾಮಿಯದಾಗಿತ್ತು. ತೊಂಬತ್ಮೂರರಲ್ಲಿ ಅದು ನನ್ನ ಗಂಡನಿಗೆ ಬಂತು. ಸ್ವಾಮಿಗೆ ಹೊಟ್ಟೆ ಉರಿಯಿತು. ಹೊಲೆಯನ ಕೈಯಿಂದ ಯಾರೂ ಟಿಕೆಟ್ ಈಸಿಕೊಳ್ಳಬಾರದು ಎಂದು ಕೆಲಸದವರಿಗೆಲ್ಲ ಕಟ್ಟು ಮಾಡಿದ. ಸಂಜೆ ರೈಲಿಗೆ ಐವತ್ತು ಜನ ಪುಕ್ಕಟೆ ಹತ್ತಿ ನಗರಕ್ಕೆ ಹೋಗುತ್ತಿದ್ದರು. ರೈಲು ಕಂಡರೆ ಹೆದರಿ ಕಂಬ ಹಿಡಿದುಕೊಳ್ಳುವ ನನ್ನ ಅತ್ತೆ ಸಣ್ಣತಾಯಮ್ಮ, ಮಗನ ಕೆಲಸ ಉಳಿಯಲಿ ಎಂದು ದಿನಕ್ಕೊಂದು ಟಿಕೆಟ್ ಕೊಂಡು, ನಡೆದುಕೊಂಡೇ ಮನೆಗೆ ಹೋಗುತ್ತಿದ್ದಳು.

ಒಂದು ಬೆಳಿಗ್ಗೆ ರೈಲಿಳಿದ ಸ್ವಾಮಿಯ ಮುಂದೆ ನನ್ನ ಗಂಡ ಕೈ ಚಾಚಿ ಟಿಕೆಟ್ ಕೇಳಿದ. ಸ್ವಾಮಿಯ ಕಡೆಯ ನಾಲ್ವರು ನನ್ನ ಗಂಡನನ್ನು ಕೆಡವಿಕೊಂಡರು. ಬಲಗೈಯನ್ನು ಹಳಿಯ ಮೇಲಿಟ್ಟು ಅದುಮಿ ಹಿಡಿದರು. ಸ್ವಾಮಿ ಕಲ್ಲೊಡೆಯುವ ಸುತ್ತಿಗೆಯಿಂದ ಎರಡು ಸಲ ಹೊಡೆದ. ಬೆರಳುಗಳು ಚಪ್ಪಟೆಯಾದವು. ಗಂಡನಿಗೆ ಬುತ್ತಿ ತಂದಿದ್ದ ನಾನು ಜಲ್ಲಿಕಲ್ಲು ತೆಗೆದುಕೊಂಡು ಅವನ ಬಾಯಿಗೇ ಬಾರಿಸಿದೆ. ಎರಡು ಹಲ್ಲು ಉದುರಿದವು. ಅದಕ್ಕೆ ನನಗೆ ಇವತ್ತಿಗೂ ಬೇಜಾರಿಲ್ಲ. ಆಮೇಲೆ ನನ್ನ ಜುಟ್ಟು ಹಿಡಿದು ಪ್ಲಾಟ್‌ಫಾರಮ್ಮಿನ ಉದ್ದಕ್ಕೂ ಎಳೆದರು. ಪೊಲೀಸರು ಎರಡೂ ಕಡೆಯವರ ಮೇಲೆ ಕೇಸು ಬರೆದುಕೊಂಡು ಸುಮ್ಮನಾದರು.

ಮೂರು ತಿಂಗಳಿಗೆ ಆರ್ಡರ್ ಬಂತು. ಟಿಕೆಟ್ ಮಾರಾಟವಾಗುತ್ತಿಲ್ಲ, ಅದಕ್ಕೆ ಸೋಮವಾರದಿಂದ ಇಲ್ಲಿ ರೈಲು ನಿಲ್ಲುವುದಿಲ್ಲ ಎಂದು. ಫ್ಯಾಕ್ಟರಿಯವರು ಇದನ್ನು ನಂಬಲೇ ಇಲ್ಲ.

ಸೋಮವಾರ ಬೆಳಿಗ್ಗೆ ನಾವಿಬ್ಬರೂ ಟಿಕೆಟ್ ಕೋಣೆ ಖಾಲಿ ಮಾಡುತ್ತಿದ್ದೆವು. ರೈಲು ಬಂತು, ನಿಲ್ಲಲಿಲ್ಲ. ಬಾಗಿಲಲ್ಲಿ ನಿಂತಿದ್ದ ಸ್ವಾಮಿ ಬೈಯುತ್ತಲೇ ಹಾರಿದ. ಕಾಲು ಜಾರಿ ಗಾಲಿಗೆ ಸಿಕ್ಕಿತು. ರೈಲು ಉಳಿದವರನ್ನು ಹೊತ್ತುಕೊಂಡು ಹೋಗೇಬಿಟ್ಟಿತು. ಮೊಣಕಾಲ ಕೆಳಗೆ ಏನೂ ಉಳಿದಿರಲಿಲ್ಲ, ರಕ್ತ ಚಿಮ್ಮುತ್ತಿತ್ತು.

"ಬುಡಿ, ಸಾಯ್ಲಿ. ನಿಮ್ ಕೈ ಮುರ್ದೋನು ಅವ್ನು," ಎಂದೆ.

ನನ್ನ ಗಂಡ ಆಗಲೇ ಕೆಳಗಿಳಿದು ಒಂದೇ ಕೈಯಲ್ಲಿ ಅವನನ್ನು ಎಳೆಯುತ್ತಿದ್ದ. "ಸೀರೆ ಅರ್ದು ಕಾಲ್ ಕಟ್ಟು ಕಣಮ್ಮಿ. ಬಾಯಿ ಆಮೇಲ್ ಬಡ್ಕೊಳೀವಂತೆ."

ಕಟ್ಟಿದೆ. ಸ್ವಾಮಿ ನೀರು ಎಂದ. ನಮ್ಮ ಬಿಂದಿಗೆಯ ನೀರನ್ನೇ ಗಟಗಟ ಕುಡಿದ. ಜಾತಿ ಅವನ ಗಂಟಲಿಗೆ ಅಡ್ಡ ಬರಲಿಲ್ಲ. ಕಲ್ಲು ಸಾಗಿಸುವ ಲಾರಿ ತಡೆದು ಅವನನ್ನು ಆಸ್ಪತ್ರೆಗೆ ಹಾಕಿದೆವು.

ಬದುಕಿದ. ಎದ್ದು ಕೂತ ಮೇಲೆ ಕಂಪ್ಲೇಂಟ್ ಕೊಟ್ಟ: ಕೈ ಮುರಿದ ಸಿಟ್ಟಿಗೆ ಶಾಂತರಾಜು ತನ್ನನ್ನು ಓಡುವ ರೈಲಿನಿಂದ ಕೆಳಕ್ಕೆ ಜಗ್ಗಿದ ಎಂದು. ರೈಲಿನಲ್ಲಿದ್ದ ಆರು ಜನ ಕಣ್ಣಾರೆ ಕಂಡೆವು ಎಂದರು. ಕೋರ್ಟಿನಲ್ಲಿ ನಮ್ಮ ವಕೀಲರು ನಿನ್ನ ಕಾಲಿಗೆ ಬಟ್ಟೆ ಕಟ್ಟಿದವರು ಯಾರು ಎಂದು ಕೇಳಿದಾಗ ಸ್ವಾಮಿ ನನ್ನ ಮುಖವನ್ನೇ ನೋಡಿದ.

"ಗೊತ್ತಿಲ್ಲ," ಎಂದ.

ನನ್ನ ಗಂಡನಿಗೆ ಮೂರು ವರ್ಷ ಶಿಕ್ಷೆಯಾಯಿತು. ಪೊಲೀಸರು ಕರೆದುಕೊಂಡು ಹೋಗುವಾಗ ಅವನು ಕೋರ್ಟಿನ ಬಾಗಿಲಲ್ಲಿ ನಿಂತು, "ನೀ ಕಾಲ್ ಕಟ್ಟಿದ್ದೇನೂ ತಪ್ಪಲ್ಲ ಕಣಮ್ಮಿ," ಎಂದ. ಅವತ್ತು ನಾನು ಆ ಸೀರೆ ಹರಿಯದೆ ಇದ್ದಿದ್ದರೆ ಸಾಕ್ಷಿಕಟ್ಟೆಯಲ್ಲಿ ನಿಲ್ಲಲು ಸ್ವಾಮಿಯೇ ಇರುತ್ತಿರಲಿಲ್ಲ.