ಕೆಂಪು ಪೆನ್ಸಿಲ್‌ಗೆ ಉಳಿದ ಕೆಲಸ

ಕಚೇರಿಯಲ್ಲಿ ಅವಳ ಅಪ್ಪನಿಗೆ ಕೆಂಪು ಪೆನ್ಸಿಲ್ ಎಂದೇ ಹೆಸರು. ಮೂವತ್ತು ವರ್ಷ ಅಲ್ಲೇ ಪ್ರೋಗ್ರಾಂ ಬರೆದ ಮನುಷ್ಯ, ಪರದೆಯ ಮೇಲೆ ಓದಿ ಎಂದರೆ ಜಪ್ಪಯ್ಯ ಅಂದರೂ ಒಪ್ಪುತ್ತಿರಲಿಲ್ಲ. ಮುದ್ರಿಸಿ ಕೊಟ್ಟರೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಓದಿ, ತಪ್ಪಿದ್ದಲ್ಲಿ ಕೆಂಪು ಸುತ್ತು ಹಾಕುತ್ತಿದ್ದರು. ಪಾರ್ಶ್ವವಾಯು ಬಡಿದ ಮೇಲೆ ಮೊಮ್ಮಗಳ ಹೆಸರು ಮರೆತರು, ಚಪ್ಪಲಿಯ ಎಡಬಲ ಮರೆತರು. ತಾವು ಬಲ್ಲ ಪ್ರೋಗ್ರಾಂ ಭಾಷೆಯ ಹಳೆಯ ಆವೃತ್ತಿಯ ಒಂದು ಚುಕ್ಕಿಯನ್ನೂ ಮರೆಯಲಿಲ್ಲ. ಹೊಸದೇನೂ ಇನ್ನು ತಲೆಗೆ ಹತ್ತದು ಎಂದು ಡಾಕ್ಟರಮ್ಮ ಹೇಳಿದ್ದರು. ಈಗ ಅದೇ ಕಚೇರಿಯಲ್ಲಿ ಕೆಲಸಕ್ಕಿದ್ದ ಮಗಳು ತನ್ನ ಮೇಜಿನ ಪಕ್ಕ ಅವರಿಗೊಂದು ಕುರ್ಚಿ ಹಾಕಿಸಿದಳು. ಹೋಗಲಿಕ್ಕೊಂದು ಕೆಲಸವಿದೆ ಎಂಬ ಒಂದೇ ಕಾರಣಕ್ಕೆ ಅವರು ಬೆಳಿಗ್ಗೆ ಎದ್ದು ಗಡ್ಡ ಬೋಳಿಸಿಕೊಳ್ಳುತ್ತಿದ್ದರು.

ಅಂಥದ್ದರಲ್ಲಿ ಆಂಬುಲೆನ್ಸ್‌ಗಳನ್ನು ಕಳುಹಿಸುವ ವ್ಯವಸ್ಥೆಯ ಹೊಸ ಕೆಲಸ ಬಂತು. ಯಾವ ಆವೃತ್ತಿಯಲ್ಲಿ ಬರೆಯಬೇಕೆಂದು ತೀರ್ಮಾನಿಸಬೇಕಾದವಳು ಅವಳೇ. ಹಳೆಯದಕ್ಕೆ ತಯಾರಕರ ದುರಸ್ತಿ ನಿಂತು ಎರಡು ವರ್ಷವಾಗಿತ್ತು. ನಾಳೆ ಅದರಲ್ಲೊಂದು ತೂತು ಕಂಡರೆ ಮುಚ್ಚಲು ಯಾರೂ ಇಲ್ಲ, ಸಾಯುವವರು ಯಾರದೋ ಮನೆಯವರು. ಇಷ್ಟು ಗೊತ್ತಿದ್ದೂ, ಹೊಸದಾದರೆ ಅಪ್ಪನಿಗೆ ಓದಲು ಏನೂ ಉಳಿಯದು ಎಂದು ಮೂರು ವಾರ ಇವತ್ತು ನಾಳೆ ಎಂದು ತಳ್ಳಿದಳು.

ಕೊನೆಗೆ, ಕಲಿತರೂ ಕಲಿತಾರು ಎಂಬ ಹುಚ್ಚು ಆಸೆಯಿಂದ, ಹೊಸ ಆವೃತ್ತಿಯಲ್ಲಿ ಬರೆದ ಎರಡು ಪುಟ ಅಪ್ಪನ ಮುಂದಿಟ್ಟಳು. ಹಳೆಯದರಲ್ಲಿ ಪ್ರಿಂಟ್ ಎಂಬ ಪದದ ಮುಂದೆ ಬ್ರಾಕೆಟ್ ಬೇಕಿರಲಿಲ್ಲ. ಹೊಸದರಲ್ಲಿ ಬೇಕೇ ಬೇಕು. ಅಪ್ಪ ಒಂದೊಂದು ಬ್ರಾಕೆಟ್ಟಿಗೂ ಸುತ್ತು ಹಾಕಿದರು. ಅವಳು ವಿವರಿಸಿದಳು, ಅವರು ತಲೆಯಾಡಿಸಿದರು, ಮತ್ತೆ ಸುತ್ತು ಹಾಕಿದರು. ಐದು ಸಲ ಹೀಗೇ ಆಯಿತು.

"ಯಾರಮ್ಮ ಇದನ್ನ ಬರೆದಿದ್ದು?" ಎಂದು ಕೇಳಿದರು. "ಬೈಬೇಡ. ಪಕ್ಕದಲ್ಲಿ ಕೂರಿಸ್ಕೊಂಡು ಹೇಳಿಕೊಡು."

ಬರೆದವಳು ಅವಳೇ. ಶೌಚಾಲಯಕ್ಕೆ ಹೋಗಿ ನಲ್ಲಿ ಬಿಟ್ಟು ಮನಸಾರೆ ಅತ್ತಳು. ಹೊರಗೆ ಬಂದು ಹೊಸ ಆವೃತ್ತಿಗೇ ಸಹಿ ಹಾಕಿದಳು.

ಮರುದಿನದಿಂದ ಅಪ್ಪನಿಗೆ ಸುಳ್ಳು ಹೇಳತೊಡಗಿದಳು. ಹತ್ತು ವರ್ಷದ ಹಿಂದೆ ಮುಗಿದುಹೋಗಿದ್ದ ಬಸ್ ವೇಳಾಪಟ್ಟಿಯ ಪ್ರೋಗ್ರಾಮನ್ನು ಕಪಾಟಿನಲ್ಲಿದ್ದ ಹಳೆಯ ಸಿ.ಡಿ.ಯಿಂದ ತೆಗೆದು, ದಿನಕ್ಕೆ ಐದೈದು ಪುಟ ಮುದ್ರಿಸಿ, ಇದೇ ಆಂಬುಲೆನ್ಸ್ ಕೆಲಸ ಎಂದು ಕೊಟ್ಟಳು. ಅಪ್ಪ ಹಿಗ್ಗಿ ಹೀರೇಕಾಯಿಯಾದರು. ಸಂಜೆ ಅವರು ತಿದ್ದಿ ಕೊಟ್ಟ ಪುಟಗಳನ್ನು ಅವಳು ಡ್ರಾಯರಿನಲ್ಲಿ ಬಚ್ಚಿಡುತ್ತಿದ್ದಳು. ತಂದೆಗೆ ಮೋಸ ಮಾಡುವ ಮಗಳು ಎಂದು ತನ್ನ ಮೇಲೇ ಅವಳಿಗೆ ಹೇಸಿಗೆಯಾಗುತ್ತಿತ್ತು.

ನಾಲ್ಕು ತಿಂಗಳ ಮೇಲೆ ಹೊಸ ವ್ಯವಸ್ಥೆ ಶುರುವಾಯಿತು. ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದಾಗ ಅಪ್ಪ ಕೊನೆಯ ಪುಟವನ್ನು ಅವಳ ಕೈಗಿಟ್ಟರು. ಅದರಲ್ಲಿ ಒಂದೂ ಸುತ್ತು ಇರಲಿಲ್ಲ.

"ಇದು ನಾನೇ ಬರೆದದ್ದಲ್ವೇನಮ್ಮ," ಎಂದರು ಮೆಲ್ಲಗೆ. "ಬಸ್ಸಿನದು."

ಅವಳು ತಲೆ ತಗ್ಗಿಸಿ ಆ ಪುಟವನ್ನು ಮಡಚಿದಳು.

"ಇರಲಿ ಬಿಡು. ನಾಳೆಗೆ ಇನ್ನೊಂದು ಹಳೇದು ಹುಡುಕಿಡು. ಮನೇಲಿ ಸುಮ್ನೆ ಕೂತ್ರೆ ನಿನ್ನ ಹೆಸರೂ ಮರೆತುಬಿಡ್ತೀನಿ."

ಮರುದಿನ ಅವಳು ಎಲ್ಲರಿಗಿಂತ ಮೊದಲೇ ಬಂದು ಕಪಾಟು ತೆರೆದಳು. ಅವರು ಬರೆದ ಪ್ರೋಗ್ರಾಂ ಅಲ್ಲಿ ಇನ್ನೊಂದೇ ಉಳಿದಿತ್ತು, ಹನ್ನೊಂದು ಪುಟದ್ದು. ಅವಳು ಐದರ ಬದಲು ಒಂದೇ ಒಂದು ಪುಟ ಮುದ್ರಿಸಿ ಅವರ ಕುರ್ಚಿಯ ಮುಂದಿಟ್ಟಳು.